ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಜೀಪು ಒಮ್ಮೊಮ್ಮೆ ಮಾತ್ರ ಸ್ಟಾರ್ಟ್ ಆಗದಿದ್ದರೆ...

ಹುತ್ತೂರು (ಕೋಲಾರ ತಾಲ್ಲೂಕು): ಇಲ್ಲಿನ ಹಳ್ಳಿಯೊಂದರಲ್ಲಿ ನಮ್ಮ ಚಿಕ್ಕಪ್ಪನವರಿಗೆ ಟೊಮೆಟೊ ತೋಟವಿದೆ, ಜೊತೆಗೆ ಒಂದು ಹಳೆಯ ಮಹೀಂದ್ರ ಎಂಎಂ 540 ಡೀಸೆಲ್ ಜೀಪೂ ಇದೆ. ಮಳೆ ಬಿದ್ದರೆ ತೋಟದ ದಾರಿ ಕೆಸರು ಗದ್ದೆಯಾಗುತ್ತದೆ. ಹದಿನೈದು ಕಿಲೋ ತೂಕದ ಟೊಮೆಟೊ ಬಾಕ್ಸುಗಳನ್ನು ಆ ಕೆಸರಿನಿಂದ ಡಾಂಬರು ರಸ್ತೆಗೆ ತಂದು ಮುಟ್ಟಿಸುವುದು ನಾಲ್ಕು ಚಕ್ರಗಳಿಗೂ ಬಲ ಹರಿಸಬಲ್ಲ ಈ ಜೀಪಿನ ನಿತ್ಯದ ಕಾಯಕ. ರಸ್ತೆಯಲ್ಲಿ ಕಾಯುವ ಟೆಂಪೊ ಅಲ್ಲಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹೊರಡುತ್ತದೆ. ಟೆಂಪೊ ತಪ್ಪಿದರೆ ಆ ದಿನದ ಹರಾಜೂ ತಪ್ಪಿದಂತೆ.

ಇಂಥ ಜೀಪು ಒಂದು ವರ್ಷ ಕಾಲ ಅವರನ್ನು ಕಾಡಿತು. ಹತ್ತು ಸಲ ಸರಾಗವಾಗಿ ಸ್ಟಾರ್ಟ್ ಆಗುತ್ತಿತ್ತು. ಹನ್ನೊಂದನೆಯ ಸಲ ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು, ಅನಂತರ ಮೌನ. ಗ್ಯಾರೇಜಿಗೆ ಒಯ್ದಾಗ ಮಾತ್ರ ಕೀಲಿ ಮುಟ್ಟಿದ ಕೂಡಲೇ ಎಂಜಿನ್ ಗುಡುಗುತ್ತಿತ್ತು! ವೈದ್ಯರ ಮುಂದೆ ಕುಳಿತಾಗ ಕೆಮ್ಮು ನಿಲ್ಲುವ ರೋಗಿಯಂತೆ. ಹೊಸ ಬ್ಯಾಟರಿ ಬಂತು. ಗ್ಯಾರೇಜು ಭಾಷೆಯಲ್ಲಿ 'ಸೆಲ್ಫ್' ಎನಿಸಿಕೊಂಡ ಸ್ಟಾರ್ಟರ್ ಮೋಟಾರನ್ನು ಬಿಚ್ಚಿ, ಕಾರ್ಬನ್ ಬ್ರಷ್ ಬದಲಿಸಿ, ಮತ್ತೆ ಕೂರಿಸಿದ್ದಾಯಿತು. ಕೀಲಿಯ ಸ್ವಿಚ್ಚೂ ಹೊಸದಾಯಿತು. ತೊಂದರೆ ಹಾಗೆಯೇ ಉಳಿಯಿತು. ಒಂದು ಮುಂಜಾನೆ ತುಂಬಿದ ಬಾಕ್ಸುಗಳೊಂದಿಗೆ ಜೀಪು ತೋಟದಲ್ಲೇ ನಿಂತಿತು; ಟೆಂಪೊ ಕಾದು ಕಾದು ಹೊರಟುಹೋಯಿತು.

ಕೊನೆಗೆ ಸಿಕ್ಕಿದ ಕಾರಣ ಅಂಗೈಯಗಲದ ಒಂದು ತಾಮ್ರದ ಪಟ್ಟಿ. ಅದರ ಬೆಲೆ ಹೊಸ ಬ್ಯಾಟರಿಯ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ. ಇಂಥ ತೊಂದರೆ ಹಳೆಯ ಮಹೀಂದ್ರ, ಜಿಪ್ಸಿ, ಬೊಲೆರೊ ಇಟ್ಟುಕೊಂಡ ಯಾರಿಗಾದರೂ ಬರಬಹುದು. ವಾರಾಂತ್ಯದ ಸವಾರಿಗೆಂದು ಹಳೆಯ ಜೀಪು ಸಾಕಿಕೊಂಡಿರುವ ಬೆಂಗಳೂರಿಗರೂ ಇದಕ್ಕೆ ಹೊರತಲ್ಲ. ಆದ್ದರಿಂದ ರೋಗವನ್ನು ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬಿಡಿಭಾಗ ಬದಲಿಸುವುದು ಪರೀಕ್ಷೆಯಲ್ಲ

ಸದಾ ಇರುವ ದೋಷವನ್ನು ಹುಡುಕುವುದು ಸುಲಭ. ಬಂದು ಹೋಗುವ ದೋಷ ಹಾಗಲ್ಲ. ಒಂದು ಭಾಗವನ್ನು ಬದಲಿಸಿದ ಮರುದಿನ ಜೀಪು ಸ್ಟಾರ್ಟ್ ಆದರೆ ಆ ಭಾಗವೇ ಕೆಟ್ಟಿತ್ತೆಂದು ನಂಬಿಬಿಡುತ್ತೇವೆ. ಆದರೆ ಏನೂ ಮಾಡದಿದ್ದರೂ ಅದು ಅಂದು ಸ್ಟಾರ್ಟ್ ಆಗುತ್ತಿತ್ತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಆದ್ದರಿಂದ ಮೊದಲ ನಿಯಮ: ದೋಷ ಎದುರಿಗಿದ್ದಾಗ ಅಳೆಯಬೇಕು. ಅದು ಎದುರಿಗಿಲ್ಲದಾಗ ಬಿಡಿಭಾಗ ಕೊಳ್ಳಬಾರದು.

ಅದಕ್ಕಾಗಿ ಜೀಪಿನಲ್ಲಿ ಒಂದು ಚಿಕ್ಕ ಪುಸ್ತಕವಿರಲಿ. ತೊಂದರೆ ಬಂದಾಗಲೆಲ್ಲ ನಾಲ್ಕು ಸಂಗತಿಗಳನ್ನು ಬರೆದಿಡಿ. ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ? ಎಷ್ಟು ಹೊತ್ತು ನಿಂತಿತ್ತು? ಮಳೆ ಅಥವಾ ನೀರು ತಗುಲಿತ್ತೇ? ಕೀಲಿ ತಿರುಗಿಸಿದಾಗ ಯಾವ ಸದ್ದು ಬಂತು? ಇವುಗಳ ಜೊತೆಗೆ ಮೊದಲ ಪುಟದಲ್ಲಿ ಇನ್ನೊಂದು ಪ್ರಶ್ನೆಗೆ ಉತ್ತರವಿರಲಿ: ತೊಂದರೆ ಶುರುವಾಗುವ ಮುನ್ನ ವಾಹನಕ್ಕೆ ಏನು ಕೆಲಸ ಮಾಡಿಸಲಾಗಿತ್ತು? ಚಿಕ್ಕಪ್ಪನವರ ಜೀಪಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಒಂದು ವರ್ಷ ಯಾರೂ ಕೇಳಿರಲಿಲ್ಲ.

ಮೊದಲು ಎರಡು ಪಾಲು ಮಾಡಿ

'ಸ್ಟಾರ್ಟ್ ಆಗುತ್ತಿಲ್ಲ' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಕೀಲಿ ತಿರುಗಿಸಿದಾಗ ಸೆಲ್ಫ್ ಎಂಜಿನನ್ನು ತಿರುಗಿಸದಿರುವುದು ಒಂದು. ಸೆಲ್ಫ್ ಚೆನ್ನಾಗಿ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳದಿರುವುದು ಇನ್ನೊಂದು. ಮೊದಲನೆಯದು ಬಹುತೇಕ ವಿದ್ಯುತ್ತಿನ ತಕರಾರು. ಎರಡನೆಯದು ಇಂಧನದ, ಗಾಳಿಯ ಅಥವಾ ಕಿಡಿಯ ತಕರಾರು. ಯಾವುದೆಂದು ತಿಳಿಯದೆ ಸ್ಪ್ಯಾನರ್ ಕೈಗೆತ್ತಿಕೊಂಡರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆಯೇ ಸರಿ.

ಮೊದಲ ರೋಗಕ್ಕೆ ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಹೆಡ್‌ಲೈಟ್ ಹಾಕಿ, ಕೀಲಿ ತಿರುಗಿಸಿ, ದೀಪವನ್ನೇ ಗಮನಿಸಿ. ದೀಪ ಪೂರ್ತಿ ಆರಿದರೆ ಅಥವಾ ಕೆಂಡದಂತೆ ಮಂಕಾದರೆ ಬ್ಯಾಟರಿ ಸೋತಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ದೀಪ ಕದಲದೆ ಉರಿದು, 'ಟಕ್' ಸದ್ದೂ ಕೇಳದಿದ್ದರೆ ಕೀಲಿಯ ಸ್ವಿಚ್ಚಿನಿಂದ ಸೆಲ್ಫ್‌ವರೆಗಿನ ಸಣ್ಣ ವೈರಿನ ಕಡೆ ನೋಡಬೇಕು. ದೀಪ ಚೆನ್ನಾಗಿದ್ದು 'ಟಕ್' ಸದ್ದೂ ಕೇಳಿದರೆ ಅನುಮಾನ ಮೂರರ ಮೇಲೆ: ಸೆಲ್ಫ್‌ನ ಒಳಗಿನ ಭಾಗಗಳು, ಅದಕ್ಕೆ ಬರುವ ದಪ್ಪ ಕೇಬಲ್, ಮತ್ತು ಎಂಜಿನ್ನಿನ ಅರ್ಥಿಂಗ್. ಸೆಲ್ಫ್‌ನ ಮೈಮೇಲೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಮಾತ್ರ ಸ್ಟಾರ್ಟ್ ಆಗುವುದಾದರೆ ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು.

12.6 ವೋಲ್ಟ್ ಎಂಬ ಮೋಸ

ಮಲ್ಟಿಮೀಟರ್ ಈಗ ಹಲವು ಮನೆಗಳಲ್ಲಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ವೋಲ್ಟ್ ಇದ್ದರೆ ಅದು ಅರ್ಧ ಬರಿದಾಗಿದೆ ಎಂದರ್ಥ. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಬಂದರೆ ಆಲ್ಟರ್ನೇಟರ್ ಸರಿಯಾಗಿದೆ. ಆದರೆ ವಿಶ್ರಾಂತಿಯಲ್ಲಿ ಅಳೆದು 'ಎಲ್ಲ ಕಡೆ 12.6 ಇದೆ, ವೈರಿಂಗ್ ಸರಿಯಾಗಿದೆ' ಎಂದು ತೀರ್ಮಾನಿಸಿದರೆ ಮೋಸ ಹೋದಂತೆ.

ಏಕೆಂದರೆ ಮೀಟರ್ ತನ್ನ ಮೂಲಕ ಹರಿಸಿಕೊಳ್ಳುವ ವಿದ್ಯುತ್ತು ಅತ್ಯಲ್ಪ. ನೂರು ಎಳೆಯ ಕೇಬಲ್ಲಿನಲ್ಲಿ ತೊಂಬತ್ತೊಂಬತ್ತು ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಅದು 12.6 ಎಂದೇ ಹೇಳುತ್ತದೆ. ಸೆಲ್ಫ್ ಕೇಳುವುದು ಅಷ್ಟಿಷ್ಟಲ್ಲ. ಡೀಸೆಲ್ ಜೀಪಿನ ಸೆಲ್ಫ್ ಎಂಜಿನನ್ನು ತಿರುಗಿಸುವಾಗ 200 ಆಂಪಿಯರ್ ಅಥವಾ ಇನ್ನೂ ಹೆಚ್ಚು ಎಳೆಯುವುದುಂಟು. ಒಂದು ಜೋಡಣೆಯಲ್ಲಿ ತುಕ್ಕಿನಿಂದಾಗಿ ಕೇವಲ 0.01 ಓಮ್ ಪ್ರತಿರೋಧ ಇದೆಯೆನ್ನಿ. 200ನ್ನು 0.01ರಿಂದ ಗುಣಿಸಿದರೆ 2 ವೋಲ್ಟ್. ಅಷ್ಟೂ ಆ ಒಂದು ಬೋಲ್ಟಿನ ಬಳಿಯೇ ನಷ್ಟ! 400 ವ್ಯಾಟ್ ಶಕ್ತಿ ಅಲ್ಲಿ ಬರಿದೇ ಶಾಖವಾಗುತ್ತದೆ. ಆ ಶಾಖಕ್ಕೆ ಜೋಡಣೆ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಹೀಗಾಗಿ ತೊಂದರೆ ಒಮ್ಮೆ ಬರುತ್ತದೆ, ಒಮ್ಮೆ ಮಾಯವಾಗುತ್ತದೆ.

ರಬ್ಬರಿನ ಮೇಲೆ ಕುಳಿತ ಎಂಜಿನ್

ಹಳೆಯ ಜೀಪುಗಳಿಗೆ ಈ ಕಾಯಿಲೆ ಹೆಚ್ಚಾಗಿ ಬರಲು ಅವುಗಳ ರಚನೆಯೂ ಕಾರಣ. ಇಂದಿನ ಬಹುತೇಕ ಕಾರುಗಳಲ್ಲಿ ಬಾಡಿ ಮತ್ತು ಚಾಸಿ ಒಂದೇ. ಜೀಪಿನಲ್ಲಿ ಹಾಗಲ್ಲ. ಏಣಿಯಂಥ ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಬೇರೆಯಾಗಿ ಕೂರಿಸಿರುತ್ತಾರೆ. ಎಂಜಿನ್ ಕೂಡ ಚಾಸಿಯ ಮೇಲೆ ರಬ್ಬರಿನ ಆಧಾರಗಳ ಮೇಲೆ ಕುಳಿತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಬ್ಯಾಟರಿಯಿಂದ ಸೆಲ್ಫ್‌ಗೆ ಹೋದ 200 ಆಂಪಿಯರ್ ಮರಳಿ ಬ್ಯಾಟರಿಯ ಮೈನಸ್ ತುದಿಗೆ ಬರಬೇಕಾದರೆ ಎಂಜಿನ್ ಮತ್ತು ಚಾಸಿಯ ನಡುವಿನ ಹೆಣೆದ ತಾಮ್ರದ ಪಟ್ಟಿಯೇ ದಾರಿ. ಕೆಂಪು ಮಣ್ಣಿನ ಧೂಳು, ಕೆರೆಯಂಗಳದ ನೀರು, ಹಳ್ಳ ದಿಣ್ಣೆಯ ಅಲುಗಾಟ, ಇವೆಲ್ಲ ಮೊದಲು ಕೆಡಿಸುವುದು ಕಣ್ಣಿಗೆ ಬೀಳದ ಆ ಪಟ್ಟಿಯನ್ನೇ.

ಆ ದಾರಿ ಮುಚ್ಚಿದರೆ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್, ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್, ಸ್ಪೀಡೊಮೀಟರ್ ಕೇಬಲ್ ಮುಂತಾದ ಲೋಹದ ತಂತಿಗಳ ಮೂಲಕ ನುಸುಳುತ್ತದೆ. ಸ್ಟಾರ್ಟ್ ಮಾಡಲು ಯತ್ನಿಸಿದ ಕೂಡಲೇ ಇವುಗಳಲ್ಲಿ ಯಾವುದಾದರೂ ಬೆಚ್ಚಗಾಗಿದ್ದರೆ ಅರ್ಥಿಂಗ್ ಕೆಟ್ಟಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ನಾಲ್ಕು ಅಳತೆ, ಹತ್ತು ನಿಮಿಷ

ಇಬ್ಬರು ಬೇಕು: ಒಬ್ಬರು ಕೀಲಿಗೆ, ಒಬ್ಬರು ಮೀಟರಿಗೆ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಅಳೆಯುವಾಗ ಎಂಜಿನ್ ಹೊತ್ತಿಕೊಳ್ಳದಂತೆ ಡೀಸೆಲ್ ಜೀಪಿನಲ್ಲಿ ಸ್ಟಾಪ್ ಗುಂಡಿ ಎಳೆದು ಹಿಡಿಯಬೇಕು. ಎಂಪಿಎಫ್‌ಐ ಪೆಟ್ರೋಲ್ ವಾಹನದಲ್ಲಿ ಇಂಧನ ಪಂಪಿನ ಫ್ಯೂಸ್ ತೆಗೆಯಬೇಕು. ಎಲ್ಲ ಅಳತೆಗಳೂ ಕೀಲಿ ತಿರುಗಿಸಿ ಹಿಡಿದ ಆ ಕೆಲವು ಕ್ಷಣಗಳಲ್ಲೇ ಆಗಬೇಕು.

ಒಂದು: ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ ಅಳೆಯಿರಿ. ಸೆಲ್ಫ್ ತಿರುಗುವಾಗ ವೋಲ್ಟೇಜು 10ರ ಆಸುಪಾಸಿಗೆ ಇಳಿಯುವುದು ಸಹಜ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮತ್ತೆ ನೋಡಿ.

ಎರಡು: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಸೆಲ್ಫ್‌ನ ದಪ್ಪ ಕೇಬಲ್ಲಿನ ಬೋಲ್ಟಿನ ಮೇಲೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಪ್ಲಸ್ ಕೇಬಲ್ಲಿನಲ್ಲಿದೆ.

ಮೂರು: ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಮೇಲೆ. ಇಲ್ಲಿ 0.3 ವೋಲ್ಟ್ ಮೀರಬಾರದು. ಮೀರಿದರೆ ಅರ್ಥಿಂಗ್ ದೋಷ.

ನಾಲ್ಕು: ಸೊಲೆನಾಯ್ಡಿನ ಸಣ್ಣ ವೈರು ಮತ್ತು ಎಂಜಿನ್ ಬ್ಲಾಕಿನ ನಡುವೆ. ಕೀಲಿ ತಿರುಗಿಸಿದಾಗ 10 ವೋಲ್ಟಿನಷ್ಟೂ ಬಾರದಿದ್ದರೆ ಸ್ವಿಚ್ಚು, ರಿಲೇ ಅಥವಾ ಆ ವೈರು ಕೆಟ್ಟಿದೆ.

ನಾಲ್ಕೂ ಸರಿಯಾಗಿದ್ದು ಸೆಲ್ಫ್ ತಿರುಗದಿದ್ದರೆ, ಆಗ ಮಾತ್ರ ಸೆಲ್ಫನ್ನು ಕೆಳಗಿಳಿಸುವುದು ನ್ಯಾಯ. ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟುಗಳು ಸುಟ್ಟು ಗುಳಿ ಬಿದ್ದಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಒಂದು ಪುಟ್ಟ ಗೂಢಚಾರ

ಮೀಟರ್ ಹಿಡಿದು ನಿಂತಾಗ ತೊಂದರೆ ಬಾರದೇ ಹೋದರೆ? ಅದಕ್ಕೂ ಉಪಾಯವುಂಟು. ಸೊಲೆನಾಯ್ಡಿನ ಸಣ್ಣ ವೈರಿಗೆ ಇನ್ನೊಂದು ವೈರು ಸೇರಿಸಿ, ನಡುವೆ ಸಣ್ಣ ಫ್ಯೂಸ್ ಹಾಕಿ, ಡ್ಯಾಶ್‌ಬೋರ್ಡಿನ ಕೆಳಗೆ 12 ವೋಲ್ಟಿನ ಪುಟ್ಟ ಬಲ್ಬಿಗೆ ಕೊಡಿ. ಬಲ್ಬಿನ ಇನ್ನೊಂದು ತುದಿ ಬಾಡಿಗೆ. ಪ್ರತಿ ಸಲ ಕೀಲಿ ತಿರುಗಿಸಿದಾಗಲೂ ಅದು ಮಿನುಗುತ್ತದೆ. ತೊಂದರೆ ಬಂದ ದಿನ ಬಲ್ಬು ಉರಿಯದಿದ್ದರೆ ದೋಷ ಕೀಲಿಯ ಕಡೆಯದು. ಉರಿದರೂ ಸೆಲ್ಫ್ ಸುಮ್ಮನಿದ್ದರೆ ದೋಷ ದಪ್ಪ ಕೇಬಲ್, ಸೆಲ್ಫ್ ಅಥವಾ ಅರ್ಥಿಂಗ್ ಕಡೆಯದು. ತಿಂಗಳಿಗೊಮ್ಮೆ ಬರುವ ಕಳ್ಳನನ್ನು ಹಿಡಿಯಲು ಇಷ್ಟು ಕಾವಲು ಸಾಕು.

ತಿರುಗುತ್ತದೆ, ಆದರೆ ಹೊತ್ತಿಕೊಳ್ಳದು

ಎರಡನೆಯ ರೋಗದಲ್ಲಿ ಡೀಸೆಲ್ ವಾಹನವಾದರೆ ಸೈಲೆನ್ಸರಿನ ಕಡೆ ನೋಡಬೇಕು. ಸೆಲ್ಫ್ ತಿರುಗುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಎಂಎಂ 540ರಲ್ಲಿದ್ದ ಪೂಜೊ ವಿನ್ಯಾಸದ ಎಂಜಿನ್ನಿಗೆ ತಣ್ಣಗಿದ್ದಾಗ ಹೀಟರ್ ಪ್ಲಗ್ ಬೇಕೇ ಬೇಕು. ನಾಲ್ಕರಲ್ಲಿ ಎರಡು ಸತ್ತಿದ್ದರೂ ಡಿಸೆಂಬರಿನ ಕೋಲಾರದ ಚಳಿಯಲ್ಲಿ ಅದು ಹಟ ಹಿಡಿಯುತ್ತದೆ, ಮಧ್ಯಾಹ್ನ ಸುಮ್ಮನಾಗುತ್ತದೆ. ಹೊಗೆಯೇ ಬಾರದಿದ್ದರೆ ಡೀಸೆಲ್ ಬರುತ್ತಿಲ್ಲ. ಸ್ಟಾಪ್ ಕೇಬಲ್ ಪೂರ್ತಿ ಹಿಂದಕ್ಕೆ ಹೋಗಿದೆಯೇ ನೋಡಿ. ಅನಂತರ ಕೈಪಂಪು ಒತ್ತಿ ನೋಡಿ. ಒತ್ತಿದ ಕೂಡಲೇ ಸ್ಟಾರ್ಟ್ ಆದರೆ ಎಲ್ಲೋ ಗಾಳಿ ಒಳನುಗ್ಗಿ, ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ಮರಳುತ್ತಿದೆ ಎಂದರ್ಥ. ಪೈಪಿನ ಜೋಡಣೆಯ ತಾಮ್ರದ ವಾಷರುಗಳು, ಹಳೆಯ ರಬ್ಬರ್ ಪೈಪುಗಳು, ಫಿಲ್ಟರಿನ ಸೀಲು, ಇವುಗಳನ್ನು ಬದಲಿಸಿದರೆ ಬಹುತೇಕ ಪರಿಹಾರ ದೊರೆಯುತ್ತದೆ. ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದ ಮರುದಿನವೇ ತೊಂದರೆ ಹೆಚ್ಚುವುದಾದರೆ ಅನುಮಾನ ಇನ್ನಷ್ಟು ಗಟ್ಟಿ.

ಮಾರುತಿ ಜಿಪ್ಸಿ 1985ರಲ್ಲಿ ಬಂದಾಗ ಕಾರ್ಬ್ಯುರೇಟರ್ ವಾಹನವಾಗಿತ್ತು. 2000ದ ಹೊತ್ತಿಗೆ ಎಂಪಿಎಫ್‌ಐ ಆಯಿತು. ಕಾರ್ಬ್ಯುರೇಟರ್ ವಾಹನ ಬೇಸಿಗೆಯಲ್ಲಿ ಓಡಿ ಬಂದು ಕಾಲು ಗಂಟೆ ನಿಂತ ಮೇಲೆ ಹಟ ಮಾಡಿದರೆ, ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರಬಹುದು ಅಥವಾ ಬಿಸಿಗೆ ಇಗ್ನಿಷನ್ ಕಾಯಿಲ್ ಸೋಲುತ್ತಿರಬಹುದು. ಮಳೆಯ ಮರುದಿನವಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಣಗಿಸಿ. ಎಂಪಿಎಫ್‌ಐ ಜಿಪ್ಸಿಯಲ್ಲಿ ಕೀಲಿಯನ್ನು 'ಆನ್' ಮಾಡಿದಾಗ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಗುಂಯ್‌ಗುಡುವ ಸದ್ದು ಕೇಳಬೇಕು. ಕೇಳದ ದಿನವೇ ತೊಂದರೆ ಬಂದರೆ ರಿಲೇ, ಫ್ಯೂಸ್, ಪಂಪು, ಈ ಕ್ರಮದಲ್ಲಿ ನೋಡಿ.

ವಾರಕ್ಕೊಮ್ಮೆ ಮಾತ್ರ ಓಡುವ ವಾಹನಗಳದ್ದು ಬೇರೆ ಕತೆ. ಎಲ್ಲ ಸ್ವಿಚ್ಚು ಆರಿಸಿದ ಮೇಲೂ ಬ್ಯಾಟರಿಯಿಂದ 50 ಮಿಲಿ ಆಂಪಿಯರಿಗಿಂತ ಹೆಚ್ಚು ಸೋರುತ್ತಿದ್ದರೆ ಆಮೇಲೆ ಕೂಡಿಸಿದ ಮ್ಯೂಸಿಕ್ ಸಿಸ್ಟಮ್, ಹೆಚ್ಚುವರಿ ದೀಪ ಅಥವಾ ಅಲಾರಂ ಕಾರಣವಿರಬಹುದು. ಈ ಸೋರಿಕೆ ಅಳೆಯಲು ಮೀಟರನ್ನು ಬ್ಯಾಟರಿ ಮತ್ತು ಕೇಬಲ್ಲಿನ ನಡುವೆ ಸೇರಿಸಿರುವಾಗ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ; ಮೀಟರ್ ಸುಡುತ್ತದೆ.

ಎಚ್ಚರ ತಪ್ಪಬೇಡಿ

ಹಳೆಯ ವಿಲ್ಲೀಸ್ ಜೀಪುಗಳನ್ನು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿಯೂ ಸ್ಟಾರ್ಟ್ ಮಾಡಬಹುದಿತ್ತು. ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿಯುವ ಭಯದಿಂದ ಜನರನ್ನು ಪಾರು ಮಾಡಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರು ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಕೆಲವೇ ಕ್ಷಣ ದುಡಿಯುವುದಾದರೆ ಸಣ್ಣ ಮೋಟಾರೂ ತನ್ನ ಶಕ್ತಿಗೆ ಮೀರಿದ ಭಾರ ಹೊರಬಲ್ಲದು ಎಂಬುದೇ ಅದರ ಗುಟ್ಟು. ಆದ್ದರಿಂದ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬೇಡಿ. ಮುಂದಿನ ಯತ್ನಕ್ಕೆ ಮುನ್ನ ಒಂದು ನಿಮಿಷವಾದರೂ ಬಿಡುವು ಕೊಡಿ.

ಸೊಲೆನಾಯ್ಡಿನ ಎರಡು ಬೋಲ್ಟುಗಳಿಗೆ ಸ್ಕ್ರೂ ಡ್ರೈವರ್ ಅಡ್ಡ ಹಿಡಿದು ಸ್ಟಾರ್ಟ್ ಮಾಡುವ ರೂಢಿ ಹಲವೆಡೆ ಇದೆ. ಗೇರಿನಲ್ಲಿದ್ದರೆ ಜೀಪು ಮುಂದೆ ನಿಂತವರ ಮೇಲೆಯೇ ಹಾರುತ್ತದೆ. ಲೋ ರೇಂಜಿನ ನಾಲ್ಕು ಚಕ್ರದ ಬಲದಲ್ಲಿದ್ದರಂತೂ ತಡೆಯಲು ಯಾರಿಂದಲೂ ಆಗದು. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಕೂರಿಸುವಾಗ ಕೊನೆಗೆ ಮೈನಸ್. ಚಾರ್ಜ್ ಆಗುವ ಬ್ಯಾಟರಿಯಿಂದ ಹೊಮ್ಮುವ ಜಲಜನಕ ಒಂದು ಕಿಡಿಗೆ ಸಿಡಿಯಬಲ್ಲದು.

ಹುತ್ತೂರಿನ ಜೀಪಿಗೆ ಆಗಿದ್ದೇನು?

ಡ್ಯಾಶ್‌ಬೋರ್ಡಿನ ಕೆಳಗೆ ಬಲ್ಬು ಕಟ್ಟಿದ ಮೂರನೆಯ ವಾರ ಜೀಪು ಮತ್ತೆ ಕೈಕೊಟ್ಟಿತು. ಬಲ್ಬು ಪ್ರಕಾಶಮಾನವಾಗಿ ಉರಿಯುತ್ತಿತ್ತು, ಹೆಡ್‌ಲೈಟೂ ಮಂಕಾಗಲಿಲ್ಲ. ಹಾಗಾದರೆ ಬ್ಯಾಟರಿಯೂ ಕೀಲಿಯೂ ನಿರಪರಾಧಿಗಳು. ಸೆಲ್ಫ್ ಆಗಲೇ ದುರಸ್ತಿಯಾಗಿತ್ತು. ಪುನಃ ಪುನಃ ಯತ್ನಿಸಿ ಬೇಸತ್ತ ಚಿಕ್ಕಪ್ಪ ಸ್ಟಾಪ್ ಗುಂಡಿಯ ಮೇಲೆ ಕೈಯಿಟ್ಟವರು, 'ಇದೇನಪ್ಪಾ, ಬೆಚ್ಚಗಿದೆ!' ಎಂದರು. ಮೂರನೆಯ ಅಳತೆ ಮಾಡಿದಾಗ ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ನಿಗೂ ನಡುವೆ ಮೂರು ವೋಲ್ಟಿಗಿಂತ ಹೆಚ್ಚು. ಜಂಪರ್ ಕೇಬಲ್ಲಿನ ಒಂದು ತಂತಿಯನ್ನು ಮೈನಸ್ ಕಂಬದಿಂದ ನೇರ ಎಂಜಿನ್ನಿಗೆ ಕಚ್ಚಿಸಿ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಎಂಜಿನ್ ಎದ್ದಿತು.

ಕೆಳಗೆ ನುಗ್ಗಿ ನೋಡಿದಾಗ ಎಲ್ಲವೂ ಬಯಲಾಯಿತು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಹಿಂದಿನ ವರ್ಷ ನವೀಕರಣದ ತಪಾಸಣೆಗೆಂದು ಜೀಪಿಗೆ ಬಣ್ಣ ಹೊಡೆಸಲಾಗಿತ್ತು. ಆಗ ಬಿಚ್ಚಿದ ತಾಮ್ರದ ಪಟ್ಟಿಯನ್ನು ಚಾಸಿಯ ಹೊಸ ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣದಲ್ಲಿ ವಿದ್ಯುತ್ತು ಹರಿಯದು. ಬೋಲ್ಟಿನ ಮರೆಯೊಂದೇ ಸಂಪರ್ಕವಾಗಿತ್ತು. ಅದೂ ತುಕ್ಕು ಹಿಡಿಯುತ್ತ ಬಂದಿತ್ತು. ಬಣ್ಣವನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಹೊಸ ಪಟ್ಟಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಲಾಯಿತು. ಮರಳಿ ಅಳೆದಾಗ 0.1 ವೋಲ್ಟ್.

ಅನಂತರ ಜೀಪು ಒಮ್ಮೆಯೂ ಟೆಂಪೊ ತಪ್ಪಿಸಿಲ್ಲ. ಬದಲಿಸಿದ್ದ ಹಳೆಯ ಬ್ಯಾಟರಿಯನ್ನು ಈಗ ಅಳೆದರೆ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ತಿರುಗಿಸುವಾಗಲೂ 10ಕ್ಕಿಂತ ಇಳಿಯುವುದಿಲ್ಲ. ಆ ಬ್ಯಾಟರಿಗೆ ಏನೂ ಆಗಿರಲಿಲ್ಲ. ಮುಂದಿನ ಸಲ ನಿಮ್ಮ ವಾಹನ 'ಟಕ್' ಎಂದು ಸುಮ್ಮನಾದಾಗ ಅಂಗಡಿಗೆ ಹೋಗುವ ಮುನ್ನ ಬಾನೆಟ್ ಎತ್ತಿ, ಮೀಟರ್ ಹಿಡಿಯಿರಿ. ಗ್ಯಾರೇಜಿಗೆ ಹೋಗುವುದೇ ಆದರೆ ಆ ಚಿಕ್ಕ ಪುಸ್ತಕವನ್ನೂ ಒಯ್ಯಿರಿ. ಒಳ್ಳೆಯ ಮೆಕ್ಯಾನಿಕ್ ಮೊದಲು ಕೇಳುವುದು ಅದನ್ನೇ.